ಎಲ್ಲರ ಕೆಲಸಕ್ಕೂ ಒದಗುವ ಪೆಟ್ಟಿಗೆ: ಆಪಲ್ ಬಾಕ್ಸ್ ಸೆಟ್ ವಿಮರ್ಶೆ

ಶೂಟಿಂಗ್ ಸಾಮಾನಿನ ಪಟ್ಟಿಯಲ್ಲಿ ಕ್ಯಾಮೆರಾ, ಲೆನ್ಸ್, ಲೈಟುಗಳೆಲ್ಲ ಮುಗಿದ ಮೇಲೆ, ಕೊನೆಯ ಪುಟದ ಬುಡದಲ್ಲಿ ಕಾಣಿಸಿಕೊಳ್ಳುವ ಐಟಂ ಆಪಲ್ ಬಾಕ್ಸ್, ಅಂದರೆ ನಿಲ್ಲಲು, ಕೂರಲು, ಏನನ್ನಾದರೂ ಎತ್ತರಿಸಲು ಬಳಸುವ ಗಟ್ಟಿ ಪೆಟ್ಟಿಗೆ. ಖರ್ಚು ಇಳಿಸಿ ಅಂದ ಕೂಡಲೇ ಪೆನ್ನು ಮೊದಲು ಅದರ ಮೇಲೆಯೇ ಓಡುತ್ತದೆ. ಪ್ಲೈವುಡ್ ಡಬ್ಬ ತಾನೇ, ಸ್ಪಾಟಿನಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ ಅನ್ನುವ ಧೈರ್ಯ. ಸಿಗುವುದೇನೋ ನಿಜ: ಕಾಲು ಅಲ್ಲಾಡುವ ಸ್ಟೂಲು, ನಾಲ್ಕು ಇಟ್ಟಿಗೆ, ಲೆನ್ಸ್ ತುಂಬಿದ ಪೆಟ್ಟಿಗೆ. ಲೆನ್ಸ್ ಪೆಟ್ಟಿಗೆಯ ಮೇಲೆ ಕೂತವರಿಗೆ ಕ್ಯಾಮೆರಾದವರು ರೇಗುತ್ತಾರೆ, ಇಟ್ಟಿಗೆ ಜೋಡಿಸಿದವರಿಗೆ ನಟರು ರೇಗುತ್ತಾರೆ, ಸ್ಟೂಲು ತಂದವರ ಮೇಲೆ ಎಲ್ಲರೂ ರೇಗುತ್ತಾರೆ. ಹನ್ನೆರಡು ಗಂಟೆ ನಿಂತೇ ದುಡಿಯುವ ಯೂನಿಟ್ಟಿನಲ್ಲಿ ಸಿಡುಕು ಹುಟ್ಟುವುದು ಬಹುಪಾಲು ಇಂಥ ಪುಡಿ ಕೊರತೆಗಳಿಂದಲೇ.

ಆದ್ದರಿಂದ ಈ ಪೆಟ್ಟಿಗೆಯನ್ನು ಬರೀ ಎತ್ತರ ಕೊಡುವ ಸಾಮಾನಾಗಿ ನೋಡಿದರೆ ಅರ್ಧ ವಿಮರ್ಶೆ ಆದಂತೆ. ಪಕ್ಕದವರಿಗೆ ಒಂದು ಉಪಕಾರ ಮಾಡೋಣ ಅನ್ನಿಸಿದಾಗ ಐದು ಸೆಕೆಂಡಿನಲ್ಲಿ ಆಗುವಂತಿದ್ದರೆ ಜನ ಮಾಡುತ್ತಾರೆ. ಐದು ನಿಮಿಷ ಹುಡುಕಾಡಬೇಕು ಅಂದರೆ ಸುಮ್ಮನಾಗುತ್ತಾರೆ. ಸೆಟ್ಟಿನಲ್ಲಿ ಆ ಐದು ಸೆಕೆಂಡಿನ ಉಪಕಾರಕ್ಕೆ ಅತಿ ಹೆಚ್ಚು ಒದಗುವ ವಸ್ತು ಇದೇ ಅನ್ನುವುದು ನಮ್ಮ ತೀರ್ಮಾನ. ಒಳ್ಳೆಯ ಪೆಟ್ಟಿಗೆ ಸೆಟ್ ಯಾವುದು, ಕೆಟ್ಟದ್ದು ಯಾಕೆ ಕೆಟ್ಟದ್ದು, ಇಟ್ಟುಕೊಂಡ ಮೇಲೆ ಹೇಗೆ ಬಳಸಬೇಕು, ಎಲ್ಲಿ ಇದರ ಕೈ ಸಾಲದು ಅನ್ನುವುದನ್ನೆಲ್ಲ ಕೆಳಗೆ ಬರೆದಿದೆ.

ನಾಲ್ಕು ಪೆಟ್ಟಿಗೆ, ಹದಿನೈದು ಎತ್ತರ

ಒಂದು ಸೆಟ್ ಅಂದರೆ ನಾಲ್ಕು ಪೆಟ್ಟಿಗೆ. ಎಲ್ಲದರ ಉದ್ದ 20 ಇಂಚು, ಅಗಲ 12 ಇಂಚು. ದಪ್ಪ ಮಾತ್ರ ಬೇರೆ ಬೇರೆ. ಫುಲ್ 8 ಇಂಚು, ಹಾಫ್ 4, ಕ್ವಾರ್ಟರ್ 2, ಪ್ಯಾನ್‌ಕೇಕ್ 1. ಈ ನಾಲ್ಕನ್ನೇ ಹಿಂದೆ ಮುಂದೆ ಮಾಡಿ ಪೇರಿಸಿದರೆ 1 ಇಂಚಿನಿಂದ 15 ಇಂಚಿನವರೆಗೆ ಪ್ರತಿ ಇಂಚಿನ ಎತ್ತರವೂ ಸಿಗುತ್ತದೆ. ಜೊತೆಗೆ ಫುಲ್ ಒಂದನ್ನೇ ಮೂರು ಬಗೆಯಲ್ಲಿ ಇಡಬಹುದು: ಅಂಗಾತ ಮಲಗಿಸಿದರೆ 8, ಬದಿಗೆ ಇಟ್ಟರೆ 12, ನೆಟ್ಟಗೆ ನಿಲ್ಲಿಸಿದರೆ 20. ಇವನ್ನು ಒಂದನೇ, ಎರಡನೇ, ಮೂರನೇ ನಂಬರ್ ಅಂತ ಕರೆಯುವ ರೂಢಿ ಅನೇಕ ಯೂನಿಟ್‌ಗಳಲ್ಲಿದೆ. ‘ಫುಲ್, ಎರಡು’ ಅಂತ ವಾಕಿಟಾಕಿ ರೇಡಿಯೋದಲ್ಲಿ ಕೇಳಿದರೆ ಸಾಕು, ಬಂದವರು ಹಾಗೇ ಇಟ್ಟು ಹೋಗುತ್ತಾರೆ.

ಮೂರನೇ ನಂಬರಿನ ಬಗ್ಗೆ ಒಂದು ಎಚ್ಚರಿಕೆ. 20 ಇಂಚು ಎತ್ತರಕ್ಕೆ ನಿಂತ ಪೆಟ್ಟಿಗೆಯ ಬುಡ 12×8 ಇಂಚು ಮಾತ್ರ. ಕೂರಲು ಸರಿ, ಮಾನಿಟರಿನ ಪಕ್ಕ ಬರೆಯುವ ಮೇಜಾಗಿಯೂ ಸರಿ. ಮೇಲೆ ನಿಲ್ಲಲು ಸುತರಾಂ ಬೇಡ. ಒಂದರ ಮೇಲೊಂದು ಎರಡು ಫುಲ್ ಇಟ್ಟು ಯಾರನ್ನಾದರೂ ಹತ್ತಿಸುವ ಹೊತ್ತು ಬಂದರೆ ಪೆಟ್ಟಿಗೆ ಬಿಟ್ಟು ಪ್ಲಾಟ್‌ಫಾರ್ಮ್ ತರಿಸಿ.

ಕೊಳ್ಳುವ ಮುನ್ನ ನೋಡಬೇಕಾದ್ದು

ಒಳ್ಳೆಯ ಪೆಟ್ಟಿಗೆ ಬರ್ಚ್ ಮರದ ಪ್ಲೈವುಡ್ಡಿನದು. ಹಲಗೆಯ ದಪ್ಪ ಸುಮಾರು 18 ಮಿಲಿಮೀಟರ್. ಫುಲ್ ಒಳಗೆ ನಟ್ಟನಡುವೆ ಒಂದು ಅಡ್ಡ ಹಲಗೆ ಇರಲೇಬೇಕು. ಇದೆಯೋ ಇಲ್ಲವೋ ಅಂತ ತಿಳಿಯಲು ಬಿಚ್ಚಬೇಕಿಲ್ಲ. ಕೈಹಿಡಿಯ ರಂಧ್ರದಿಂದ ಟಾರ್ಚ್ ಬಿಟ್ಟು ನೋಡಿ. ಇನ್ನೊಂದು ತುದಿಯ ರಂಧ್ರದಿಂದ ಬೆಳಕು ನೇರವಾಗಿ ಹೊರಬಂದರೆ ನಡುವೆ ಏನೂ ಇಲ್ಲ. ಅಂಥ ಪೆಟ್ಟಿಗೆ ಮೊದಲ ವಾರ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ನಡುವೆ ಹೆಜ್ಜೆ ಇಟ್ಟಾಗ ಮೇಲಿನ ಹಲಗೆ ಬಾಗುತ್ತದೆ, ಅಂಚಿನ ಅಂಟು ಬಿಡುತ್ತದೆ, ಕಡೆಗೆ ಸಂಭಾಷಣೆಯ ನಡುವೆ ಕಿರ್ರ್ ಅನ್ನಲು ಶುರುಮಾಡುತ್ತದೆ.

ಎರಡನೇ ಪರೀಕ್ಷೆ ಕರ್ಣದ್ದು. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ 20×12ರ ಮುಖದಲ್ಲಿ ಎರಡೂ ಕರ್ಣ 23 ಇಂಚಿನ ಮೇಲೆ ಮೂರನೇ ಒಂದು ಭಾಗದಷ್ಟು ಬರಬೇಕು. ಎರಡರ ನಡುವೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪೆಟ್ಟಿಗೆ ಓರೆಯಾಗಿದೆ ಅಂತಲೇ ಅರ್ಥ. ಆಮೇಲೆ ಚಪ್ಪಟೆ ನೆಲದ ಮೇಲಿಟ್ಟು ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ. ಟಕ್ ಅಂದರೆ ವಾಪಸ್ ಕೊಡಿ. ಕಾಗದ ಮಡಿಚಿ ಕೆಳಗಿಟ್ಟು ಸರಿಮಾಡಬಹುದು ಅನ್ನುವವರ ಮಾತು ಕೇಳಬೇಡಿ. ಆ ಕಾಗದ ಕಳೆದುಹೋಗುವುದು ಸರಿಯಾಗಿ ಕ್ಲೋಸಪ್ ಹೊತ್ತಿಗೇ.

ಮೂರನೆಯದು ಬಹಳ ಜನ ಬಿಟ್ಟುಬಿಡುವ ಪರೀಕ್ಷೆ. ಒಂದು ಫುಲ್ ಪಕ್ಕದಲ್ಲಿ ಎರಡು ಹಾಫ್ ಪೇರಿಸಿ, ಸಂದಿಯ ಮೇಲೆ ಅಂಗೈ ಸವರಿ. ಮೆಟ್ಟಿಲು ಕೈಗೆ ತಗುಲಬಾರದು. ಬೇರೆ ಬೇರೆ ಕಡೆಯಿಂದ ಕೊಂಡ ಪೆಟ್ಟಿಗೆಗಳಲ್ಲಿ ಈ ತೊಂದರೆ ಹೆಚ್ಚು. ಕಾರಣ ಸರಳ: 1 ಇಂಚು ಅಂದರೆ 25.4 ಮಿಲಿಮೀಟರ್, ಆದರೆ ಕೆಲವರು 12 ಮಿಲಿಮೀಟರಿನ ಎರಡು ಹಲಗೆ ಅಂಟಿಸಿ 24ಕ್ಕೇ ಪ್ಯಾನ್‌ಕೇಕ್ ಮುಗಿಸುತ್ತಾರೆ. ಒಂದರಲ್ಲಿ 1.4 ಮಿಲಿಮೀಟರ್ ಕಮ್ಮಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಪೇರಿಸಿ ಫುಲ್ ಪಕ್ಕ ಇಟ್ಟರೆ 11 ಮಿಲಿಮೀಟರ್ ತಗ್ಗು. ಕ್ಯಾಮೆರಾ ಟ್ರಾಲಿ ಓಡುವ ಟ್ರ್ಯಾಕ್ ಮಟ್ಟ ಮಾಡುವಾಗ ಇದೇ ಉಪದ್ರವ.

ಮೇಲ್ಮೈ ವಿಚಾರ. ಹೊಳೆಯುವ ವಾರ್ನಿಷ್ ಅಂದವಾಗಿ ಕಾಣುತ್ತದೆ, ಆದರೆ ಲೈಟಿನ ಹೊಳಪನ್ನು ನಟರ ಗಲ್ಲದ ಕೆಳಗೆ ಎರಚುತ್ತದೆ, ತೇವವಾದರೆ ಜಾರುತ್ತದೆ. ಮಂದ ಹೊಳಪಿನ ಲೇಪ ಅಥವಾ ಬರೀ ಎಣ್ಣೆ ಸಾಕು. ಕೈಹಿಡಿಯ ರಂಧ್ರದ ಅಂಚು ಒಳಗೂ ಹೊರಗೂ ದುಂಡಾಗಿರಬೇಕು. ಬೆರಳು ಹಾಕಿ ಒಂದು ಸುತ್ತು ತಿರುಗಿಸಿ. ಅಂಚು ಕೈಗೆ ಚುಚ್ಚಿದರೆ ಆರು ಕಿಲೋ ಮೇಲಿನ ಫುಲ್ ಅನ್ನು ದಿನಕ್ಕೆ ಐವತ್ತು ಸಲ ಎತ್ತುವವರ ಬೆರಳು ಸಂಜೆಗೆ ಏನಾಗಿರುತ್ತದೆ ಅಂತ ಯೋಚಿಸಿ. ಪೆಟ್ಟಿಗೆಯ ಬೆಲೆ ಕೊಡುವವರು ಬೇರೆ, ಎತ್ತುವವರು ಬೇರೆ. ಕೊಳ್ಳುವ ದಿನ ಎತ್ತುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಒಂದರೊಳಗೊಂದು ಕೂರುವ ಬಗೆಯೂ ಸಿಗುತ್ತದೆ. ಬುಡ ತೆರೆದಿರುವುದರಿಂದ ಫುಲ್ ಒಳಗೆ ಹಾಫ್, ಹಾಫ್ ಒಳಗೆ ಕ್ವಾರ್ಟರ್ ಸೇರಿಕೊಳ್ಳುತ್ತದೆ. ವ್ಯಾನಿನಲ್ಲಿ ಜಾಗ ಕಡಿಮೆ ಇರುವ ಮೂರು ನಾಲ್ಕು ಜನರ ಯೂನಿಟ್ಟಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಅಳತೆ ಚಿಕ್ಕದಾಗುತ್ತ ಹೋಗುವುದರಿಂದ ಅಕ್ಕಪಕ್ಕ ಜೋಡಿಸುವ ಕೆಲಸಕ್ಕೆ ಬಾರದು, ಕಾಲಿಟ್ಟಾಗ ಡೋಲಿನಂತೆ ಸದ್ದು ಮಾಡುತ್ತದೆ. ಪ್ಲಾಸ್ಟಿಕ್ಕಿನವು ಹಗುರ, ಮಳೆಗೆ ಹೆದರುವುದಿಲ್ಲ. ಒದ್ದೆ ಬೂಟಿಗೆ ಜಾರುತ್ತವೆ, ಸ್ಕ್ರೂ ಹೊಡೆಯಲಾಗದು. ನದಿ, ಕಡಲ ದಂಡೆಯ ಚಿತ್ರೀಕರಣ ಹೆಚ್ಚಿದ್ದರೆ ಒಂದು ಸೆಟ್ ಇರಲಿ, ಉಳಿದದ್ದು ಮರದ್ದೇ ಇರಲಿ.

ಬಡಗಿಯಿಂದ ಮಾಡಿಸುವುದಾದರೆ

18 ಮಿಲಿಮೀಟರ್ ಹಲಗೆಯಲ್ಲಿ ಒಂದು ಫುಲ್‌ಗೆ ಬೇಕಾದ ತುಂಡುಗಳು ಇಷ್ಟು: ಮೇಲೆ ಕೆಳಗೆ 508×305ರ ಎರಡು, ಉದ್ದದ ಬದಿಗೆ 508×167ರ ಎರಡು, ತುದಿಗಳಿಗೆ 269×167ರ ಎರಡು, ನಡುವಿನ ಅಡ್ಡಕ್ಕೆ 269×167ರ ಇನ್ನೊಂದು. ಎಲ್ಲ ಮಿಲಿಮೀಟರಿನಲ್ಲಿ. ತುದಿಯ ಹಲಗೆಗಳಲ್ಲಿ 100 ಮಿಲಿಮೀಟರ್ ಉದ್ದ, 30 ಎತ್ತರದ ರಂಧ್ರ ಕೊರೆಸಿ. ಸಂದಿಗೆಲ್ಲ ಮರದ ಅಂಟು, ಜೊತೆಗೆ 40 ಮಿಲಿಮೀಟರಿನ ಸ್ಕ್ರೂ ಸುಮಾರು ಗೇಣಿಗೊಂದು. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕಿಂತ ಒಳಗೆ ಇಳಿದಿರಬೇಕು, ಮೇಲೆ ಪುಟ್ಟಿ ತುಂಬಿರಬೇಕು. ಇಲ್ಲದಿದ್ದರೆ ಮೊದಲು ಹರಿಯುವುದು ವಸ್ತ್ರ ವಿಭಾಗದವರು ನಾಳೆಯ ದೃಶ್ಯಕ್ಕೂ ಬೇಕು ಅಂತ ಜೋಪಾನ ಮಾಡಿಟ್ಟ ಉಡುಪು.

ಹಾಫ್‌ಗೂ ಇದೇ ಲೆಕ್ಕ. ಬದಿಯ ಹಲಗೆಗಳ ಎತ್ತರ 167ರ ಬದಲು 66. ಕ್ವಾರ್ಟರ್‌ಗೆ 18ರ ಹಲಗೆ ಬಳಸಿದರೆ ಒಳಗೆ ಉಳಿಯುವುದು 15 ಮಿಲಿಮೀಟರ್ ಸಂದಿ ಮಾತ್ರ, ಅದಕ್ಕೆ 12ರ ಹಲಗೆ ವಾಸಿ. ಪ್ಯಾನ್‌ಕೇಕ್ 25ರ ಒಂದೇ ಹಲಗೆಯಿಂದ ಆಗಲಿ. ಕೊನೆಗೆ ಎಲ್ಲ ಅಂಚನ್ನೂ 120ರ ಉಪ್ಪುಕಾಗದದಲ್ಲಿ ತಿಕ್ಕಿಸಿ, ಮೇಲ್ಮೈಯನ್ನೂ ಒಂದು ಸಲ. ಸಿಬಿರು ಚುಚ್ಚುವ ಪೆಟ್ಟಿಗೆಯ ಮೇಲೆ ಯಾರೂ ಬರಿಗೈ ಊರುವುದಿಲ್ಲ.

ಬಳಕೆಯಲ್ಲಿ ಕಾಣುವ ಗುಣ

ಇಬ್ಬರು ನಟರು ಎದುರುಬದುರು ನಿಂತ ಶಾಟ್. ಒಬ್ಬರು ಇನ್ನೊಬ್ಬರ ಹೆಗಲಿಗೆ ಬರುತ್ತಾರೆ. ಫ್ರೇಮಿಗೆ ಎತ್ತರ ಹೊಂದಬೇಕು. ಈ ಕೆಲಸವನ್ನು ಒರಟಾಗಿಯೂ ಮಾಡಬಹುದು, ನಯವಾಗಿಯೂ ಮಾಡಬಹುದು. ಹಿಡಿಯುವ ಸಮಯ ಒಂದೇ. ನಯದ ವಿಧಾನ ಹೀಗಿದೆ. ಲೈಟಿಂಗ್ ನಡೆಯುವಾಗ, ನಟರ ಬದಲು ಬೇರೆಯವರು ನಿಂತಿರುವಾಗಲೇ ಎತ್ತರ ಅಳೆದುಕೊಳ್ಳಿ. ಕಣ್ಣಿನ ಮಟ್ಟ ಪೂರ್ತಿ ಸಮ ಮಾಡಬೇಡಿ. ಎರಡು ಮೂರು ಇಂಚು ವ್ಯತ್ಯಾಸ ಉಳಿಸಿದರೆ ನೋಡುವವರಿಗೆ ಸಹಜ ಅನ್ನಿಸುತ್ತದೆ. ನಟರು ಬರುವ ಮೊದಲೇ ಪೆಟ್ಟಿಗೆ ಇಟ್ಟು, ಸುತ್ತ ಗ್ಯಾಫರ್ ಟೇಪಿನಲ್ಲಿ (ಬಟ್ಟೆಯ ಗಟ್ಟಿ ಅಂಟುಟೇಪು) ನೆಲಕ್ಕೆ ಅಂಟಿಸಿ, ಮೇಲೆ ನಿಲ್ಲುವ ಗುರುತು ಹಾಕಿ, ಹಿಂಬದಿಯಲ್ಲಿ ಹಾಫ್ ಒಂದನ್ನು ಮೆಟ್ಟಿಲಿನಂತೆ ಇಟ್ಟುಬಿಡಿ. ಬಂದವರು ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ, ಅಷ್ಟೇ. ಯಾರೂ ಏನೂ ಹೇಳಬೇಕಾಗಿಲ್ಲ. ಆಮೇಲೆ ಎತ್ತರ ಬದಲಿಸಬೇಕಾದರೂ ಬಾಯಲ್ಲಿ ಅಳತೆ ಮಾತ್ರ ಬರಲಿ: ‘ಕ್ವಾರ್ಟರ್ ತೆಗೆದು ಹಾಫ್.’ ರೇಡಿಯೋದಲ್ಲಿ ‘ಇವರಿಗೆ ಇನ್ನೂ ಸಾಲದು’ ಅಂತ ಕೂಗಿದರೆ ಇಡೀ ಯೂನಿಟ್ಟಿನ ಕಿವಿಗೆ ಬೀಳುತ್ತದೆ, ಮುಂದಿನ ಟೇಕಿನಲ್ಲಿ ನಟರ ಮುಖದಲ್ಲೂ ಕಾಣುತ್ತದೆ.

ನಟರು ನಡೆದು ಬಂದು ನಿಲ್ಲಬೇಕಾದ ಶಾಟ್ ಆದರೆ ಒಂದು ಪೆಟ್ಟಿಗೆ ಸಾಲದು. ಮೂರು ಹೆಜ್ಜೆಗೆ ಏಳು ಅಡಿ ಹಾದಿ ಬೇಕು, ಅಂದರೆ ಉದ್ದುದ್ದ ಜೋಡಿಸಿದ ಐದು ಹಾಫ್. ಪ್ರತಿ ಸಂದಿಗೂ ಮೇಲಿನಿಂದ ಟೇಪು, ಎರಡೂ ಅಂಚಿಗೆ ಬಿಳಿ ಟೇಪು. ಅಂಚು ಕಣ್ಣಿಗೆ ಬೀಳದಿದ್ದರೆ ಕಾಲು ಹೊರಳುವುದು ಖಂಡಿತ. ಸಂಭಾಷಣೆ ಹೇಳುತ್ತ ನಡೆಯುವವರು ನೆಲ ನೋಡುವುದಿಲ್ಲ. ಪೆಟ್ಟಿಗೆಯ ಮೇಲೆ ಹಳೆಯ ಕಾರ್ಪೆಟ್ ತುಂಡು ಹಾಸಿ. ಟೊಳ್ಳು ಪೆಟ್ಟಿಗೆಯ ಮೇಲೆ ಹಿಮ್ಮಡಿ ಬಿದ್ದ ಸದ್ದು ಉದ್ದ ಕೋಲಿನ ತುದಿಯ ಬೂಮ್ ಮೈಕಿಗೆ ಚೆನ್ನಾಗಿ ಕೇಳುತ್ತದೆ. ಶಬ್ದಗ್ರಾಹಕರು ಎರಡು ಟೇಕ್ ಹಾಳಾದ ಮೇಲೆ ಬಾಯಿಬಿಡುವಂತೆ ಮಾಡುವ ಬದಲು ಮೊದಲೇ ಹಾಸಿಟ್ಟರೆ ಅವರ ಮುಖ ಅರಳುವುದನ್ನು ನೋಡಬಹುದು. ಸೆಟ್ಟಿನಲ್ಲಿ ಅವರ ತೊಂದರೆಯನ್ನು ಕೇಳದೆಯೇ ನೆನೆಯುವವರು ಕಡಿಮೆ.

ಇನ್ನೊಂದು ಬಳಕೆ ಕ್ಯಾಮೆರಾ ಹೆಗಲ ಮೇಲಿರುವಾಗ. ನಿಂತು ಶುರುವಾದ ಶಾಟ್ ನಡುವೆ ಆಪರೇಟರ್ ಮೆಲ್ಲಗೆ ಕೂರುವ ಮಟ್ಟಕ್ಕೆ ಇಳಿಯಬೇಕು. ಹೆಗಲ ಮೇಲೆ ಹತ್ತು ಹದಿನೈದು ಕಿಲೋ, ಕಣ್ಣು ವ್ಯೂಫೈಂಡರಿನಲ್ಲಿ, ಹಿಂದೆ ಏನಿದೆ ಅಂತ ನೋಡುವ ಹಾಗಿಲ್ಲ. ಹಿಂದೆ ನಿಂತವರ ಎಡಗೈ ಆಪರೇಟರ್ ಸೊಂಟದ ಮೇಲಿರಬೇಕು, ಬಲಗೈಯಲ್ಲಿ ಫುಲ್, 12 ಇಂಚಿನ ಬದಿಗೆ ತಿರುಗಿಸಿದ್ದು. ಇಳಿಯಲು ಶುರುವಾದ ಕ್ಷಣ ಪೆಟ್ಟಿಗೆಯನ್ನು ನೆಲಕ್ಕಿಟ್ಟು ತೊಡೆಯ ಹಿಂಭಾಗಕ್ಕೆ ತಾಗುವವರೆಗೆ ಸರಿಸಿ, ಸೊಂಟಕ್ಕೆ ಎರಡು ಸಲ ತಟ್ಟಿ. ಅದು ‘ಪೆಟ್ಟಿಗೆ ಇದೆ, ಕೂತ್ಕೊಳ್ಳಿ’ ಅಂತ. ತಟ್ಟಿದ ಕೈ ‘ಕಟ್’ ಅನ್ನುವವರೆಗೂ ಅಲ್ಲೇ ಇರಬೇಕು. ಮೊದಲು ಕ್ಯಾಮೆರಾ ಇಲ್ಲದೆ ಎರಡು ಸಲ ಅಭ್ಯಾಸ ಆಗಲೇಬೇಕು, ಎಷ್ಟೇ ಆತುರವಿದ್ದರೂ.

ಇಲ್ಲಿ ಆಗುವ ಅನಾಹುತಗಳು ಬೆರಳೆಣಿಕೆಯಷ್ಟೇ, ಆದರೆ ಎಲ್ಲವೂ ನೋವಿನವು. ಪೆಟ್ಟಿಗೆಯ ಒಂದು ಮೂಲೆ ಕೇಬಲ್ ಮೇಲೆ ಕೂತಿರುತ್ತದೆ. ಭಾರ ಬಿದ್ದಾಗ ಮಗುಚುತ್ತದೆ. ಟೈಲ್ಸ್ ನೆಲದಲ್ಲಿ ಜಾರುತ್ತದೆ. ಅದಕ್ಕೆ ಕೆಳಗೆ ರಬ್ಬರ್ ಮ್ಯಾಟಿನ ತುಂಡು ಹಾಕಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಶಾಟ್ ಮುಗಿಯಿತು ಅಂದುಕೊಂಡು ಬೇರೆ ಯಾರೋ ಪೆಟ್ಟಿಗೆ ಎಳೆದುಕೊಂಡು ಹೋಗುವುದು. ಎದ್ದು ಮತ್ತೆ ಕೂರಲು ಹೋದವರು ನೆಲಕ್ಕೆ. ಹಾಗಾಗಿ ಕಟ್ಟುನಿಟ್ಟಿನ ನಿಯಮ ಇದು: ಒಬ್ಬರ ಕೆಳಗೆ ಪೆಟ್ಟಿಗೆ ಇಟ್ಟವರೇ ಅದನ್ನು ತೆಗೆಯಬೇಕು, ‘ತೆಗೀತಿದೀನಿ’ ಅಂತ ಗಟ್ಟಿಯಾಗಿ ಹೇಳಿ, ಎದುರಿನವರ ‘ಹೂಂ’ ಕೇಳಿದ ಮೇಲೆ.

ವಯಸ್ಸಾದ ಕಲಾವಿದರು, ಭಾರದ ಉಡುಪು ತೊಟ್ಟವರು ವ್ಯಾನ್ ಹತ್ತುವಾಗ ಮೊದಲ ಮೆಟ್ಟಿಲು ಎತ್ತರವೆನಿಸಿದರೆ ಹಾಫ್ ಒಂದು, ಅದರ ಮುಂದೆ ಫುಲ್ ಒಂದು ಇಟ್ಟರೆ ನಾಲ್ಕು ನಾಲ್ಕು ಇಂಚಿನ ಏರು. ಮೊಣಕಾಲು ನೋವಿದ್ದವರಿಗೂ ಅಷ್ಟು ಹಿತ. ಲೆನ್ಸಿನ ಫೋಕಸ್ ಹಿಡಿಯುವ ಫೋಕಸ್ ಪುಲ್ಲರ್, ಶಾಟಿನಿಂದ ಶಾಟಿಗೆ ಹೊಂದಿಕೆ (ಕಂಟಿನ್ಯುಟಿ) ನೋಡುವವರು, ಬೂಮ್ ಹಿಡಿದವರು ಇವರೆಲ್ಲ ಜಾಗ ಬಿಟ್ಟು ಕದಲಲಾಗದ ಜನ. ಕುರ್ಚಿ ದೂರದಲ್ಲಿ ಸಾಲಾಗಿ ಇಟ್ಟಿದ್ದರೂ ಇವರ ಉಪಯೋಗಕ್ಕಿಲ್ಲ. ರಿಹರ್ಸಲ್ ಮುಗಿದು ಲೈಟ್ ಸರಿಮಾಡುವ ಹತ್ತು ನಿಮಿಷದಲ್ಲಿ ಇವರ ಹಿಂದೆ ಸದ್ದಿಲ್ಲದೆ ಒಂದು ಪೆಟ್ಟಿಗೆ ಇಟ್ಟು ಹೋಗುವ ಲೈಟ್‌ಮನ್ ಇರುವ ಯೂನಿಟ್ ಹೇಗಿರುತ್ತದೆ ಅನ್ನುವುದು ಬಂದು ಅರ್ಧ ದಿನದಲ್ಲೇ ಗೊತ್ತಾಗುತ್ತದೆ.

ಮೋಜಿಗೂ ಕೊರತೆಯಿಲ್ಲ. ಚಿತ್ರೀಕರಣದಲ್ಲಿ ಕಾಯುವ ಹೊತ್ತೇ ಹೆಚ್ಚು. ಮೂರನೇ ನಂಬರಿನಲ್ಲಿ ನಿಂತ ಫುಲ್ ಮೇಲೆ ಪ್ಯಾನ್‌ಕೇಕ್ ಅಡ್ಡ ಹಾಕಿದರೆ ಚದುರಂಗದ ಮೇಜು ಸಿದ್ಧ. ಬಾಲನಟರಿಗೆ ಹಾಫ್ ಅಂದರೆ ಡ್ರಮ್ಮು, ಸೈಲೆನ್ಸ್ ಕೂಗುವವರೆಗೆ ಬಾರಿಸಲಿ ಬಿಡಿ. ಹಾಲಿವುಡ್ಡಿನಲ್ಲಿ ದಿನದ ಕೊನೆಯದಕ್ಕಿಂತ ಹಿಂದಿನ ಶಾಟನ್ನು ‘ಆ್ಯಬಿ ಸಿಂಗರ್’ ಅನ್ನುತ್ತಾರೆ. ‘ಇದು, ಇನ್ನೊಂದು’ ಅಂತ ಮುಂಚಿತವಾಗಿ ಸಾರುತ್ತಿದ್ದ ಸಹಾಯಕ ನಿರ್ದೇಶಕರೊಬ್ಬರ ಹೆಸರು ಅದು. ಆ ಘೋಷಣೆ ಕೇಳಿದೊಡನೆ ಸಾಮಾನು ಕಟ್ಟುವ ಆತುರದಲ್ಲಿ ಜನ ಕೂತ ಪೆಟ್ಟಿಗೆಯನ್ನೂ ಎತ್ತಿ ಗಾಡಿಗೆ ಹಾಕುವ ಅಭ್ಯಾಸ ಕೆಲವರಿಗಿದೆ. ಹದಿನೈದು ನಿಮಿಷ ಉಳಿಯಬಹುದು. ಆದರೆ ದಿನದಲ್ಲಿ ಕಾಲು ಅತಿ ಹೆಚ್ಚು ನೋಯುವುದು ಅದೇ ಹೊತ್ತಿನಲ್ಲಿ. ಕೂರುವ ಪೆಟ್ಟಿಗೆ ಕೊನೆಗೆ ಹೋಗಲಿ.

ಎಷ್ಟು ಬೇಕು, ಜಗಳ ಎಲ್ಲಿ

ಹತ್ತು ಜನರ ಯೂನಿಟ್ಟಿಗೆ ಎರಡು ಸೆಟ್, ಮೂವತ್ತು ದಾಟಿದರೆ ನಾಲ್ಕು ಸೆಟ್ಟಾದರೂ ಇರಲಿ. ಅದರ ಮೇಲೆ ನಾಲ್ಕು ಫುಲ್ ಬೇರೆಯಾಗಿ ತೆಗೆದಿಟ್ಟು, ಬಣ್ಣದ ಟೇಪು ಸುತ್ತಿ, ‘ಕೂರಲು’ ಅಂತ ಬರೆದುಬಿಡಿ. ಯಾಕೆಂದರೆ ಪೆಟ್ಟಿಗೆಯ ಜಗಳಗಳೆಲ್ಲ ಒಂದೇ ಜಾತಿಯವು: ಶಾಟಿಗೆ ಬೇಕಾದಾಗ ಎಲ್ಲ ಪೆಟ್ಟಿಗೆಯ ಮೇಲೂ ಯಾರೋ ಕೂತಿರುತ್ತಾರೆ, ಎಬ್ಬಿಸುವ ಕೆಲಸ ಯಾವಾಗಲೂ ಅತಿ ಕಿರಿಯ ಹುಡುಗನ ಪಾಲಿಗೆ ಬರುತ್ತದೆ. ಅವನು ಹಿರಿಯರನ್ನು ಎಬ್ಬಿಸಲು ಹಿಂಜರಿಯುತ್ತಾನೆ, ಶಾಟ್ ತಡವಾಗುತ್ತದೆ, ಬೈಗುಳ ಅವನಿಗೇ ಬೀಳುತ್ತದೆ. ಇದಕ್ಕೆ ಮದ್ದು ಮೊದಲ ದಿನವೇ ಸಹಾಯಕ ನಿರ್ದೇಶಕರು ಹೇಳಿಬಿಡಬೇಕಾದ ಒಂದು ಮಾತು: ‘ಸರ್, ಪೆಟ್ಟಿಗೆ’ ಅಂತ ಕೇಳಿದರೆ ನಿರ್ದೇಶಕರೇ ಆಗಲಿ, ಛಾಯಾಗ್ರಾಹಕರೇ ಆಗಲಿ, ಪ್ರಶ್ನೆಯಿಲ್ಲದೆ ಎದ್ದು ಕೊಡಬೇಕು. ನಿರ್ದೇಶಕರು ಒಂದು ಸಲ ಎಲ್ಲರೆದುರು ಎದ್ದು ಕೊಟ್ಟರೆ ಆಮೇಲೆ ಆ ಯೂನಿಟ್ಟಿನಲ್ಲಿ ಈ ಜಗಳ ಇರುವುದಿಲ್ಲ.

ಬಾಳಿಕೆಯ ವಿಷಯ ಹೆಚ್ಚಿಲ್ಲ. ಮಳೆಯಲ್ಲಿ ನೆನೆದರೆ ಒರೆಸಿ, ನೆಟ್ಟಗೆ ನಿಲ್ಲಿಸಿ, ಒಂದಕ್ಕೊಂದು ತಾಗದಂತೆ ನೆರಳಿನಲ್ಲಿ ಒಣಗಿಸಿ. ಬಿಸಿಲು, ಹೀಟರ್ ಎರಡೂ ಬೇಡ, ಮೇಲಿನ ಪದರ ಏಳುತ್ತದೆ. ಮೇಲೆ ಸುತ್ತಿಗೆ ಕೆಲಸ ಬೇಡ. ಜಾರದ ಟೇಪು ಅಂಟಿಸುವುದಾದರೆ ಒಂದೇ ಮುಖಕ್ಕೆ. ಎರಡೂ ಕಡೆ ಅಂಟಿಸಿದರೆ ಕೂತವರ ಪ್ಯಾಂಟು ಸವೆಯುತ್ತದೆ. ಗ್ಯಾಫರ್ ಟೇಪನ್ನು ಕೆಲಸ ಮುಗಿದ ಕೂಡಲೇ ಕೀಳಬೇಕು. ಬಟ್ಟೆಯ ಆ ಟೇಪು ಹೊಸದರಲ್ಲಿ ಕಲೆಯಿಲ್ಲದೆ ಏಳುತ್ತದೆ, ಬಿಸಿಗೆ ದಿನಗಟ್ಟಲೆ ಬಿಟ್ಟರೆ ಅಂಟು ಮರದಲ್ಲೇ ಉಳಿದು ಮುಂದಿನವರ ಕೈಗೆ ಮೆತ್ತುತ್ತದೆ.

ಟ್ರ್ಯಾಕ್ ಕೆಳಗೆ ಇಡುವಾಗ ಹಳಿಯ ಕೀಲು ಕೂಡುವ ಜಾಗಗಳಿಗೆ ತಪ್ಪದೆ ಆಸರೆ ಕೊಡಿ, ಪೆಟ್ಟಿಗೆ ಹಳಿಗೆ ಅಡ್ಡವಾಗಿರಲಿ, ಸಣ್ಣ ವ್ಯತ್ಯಾಸವನ್ನು ಬೆಣೆಯಿಂದ ಸರಿಮಾಡಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ಟ್ರಾಲಿ ತಳ್ಳುವವರು ಓಡಾಡುವ ಬದಿಗೆ ಪೆಟ್ಟಿಗೆಯ ಮೂಲೆ ಚಾಚಿರಬಾರದು. ಮೊಣಕಾಲ ಮೂಳೆಗೆ ಆ ಮೂಲೆ ತಗುಲಿದರೆ ಎಂಥ ಸಾಧುವೂ ಬೈಯುತ್ತಾನೆ.

ಜೊತೆಗೆ ಬೇಕಾದವು

ಮರಳುಚೀಲವನ್ನು ಹೇಳದೆ ಬಿಡಲಾಗದು. ಲೈಟ್ ಸ್ಟ್ಯಾಂಡಿನ ಎತ್ತರದ ಕಾಲಿನ ಮೇಲೆ, ಭಾರ ವಾಲಿದ ದಿಕ್ಕಿಗೆ ಆ ಕಾಲು ಇರುವಂತೆ ತಿರುಗಿಸಿ, ಚೀಲ ನೆಲಕ್ಕೆ ತಾಗದೆ ತೂಗುವಂತೆ ಹಾಕಿದರೆ ಪೂರ್ತಿ ತೂಕ ಕೆಲಸ ಮಾಡುತ್ತದೆ. ನೆಲಕ್ಕೆ ಒರಗಿದ ಚೀಲ ಇದ್ದೂ ಇಲ್ಲದಂತೆ.

ರೇಡಿಯೋ ವಿಚಾರದಲ್ಲಿ ಎರಡೇ ಮಾತು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ‘ಬೇಡ, ಹಾಫ್ ಇಡಿ’ ಅಂದದ್ದು ‘ಹಾಫ್ ಇಡಿ’ ಆಗಿ ಉಳಿದರೂ ಪರವಾಗಿಲ್ಲ, ‘ಹೇಳಿದಾಗ ಆನ್ ಮಾಡಿ’ ಅನ್ನುವುದರಲ್ಲಿ ‘ಹೇಳಿದಾಗ’ ಹೋದರೆ ಕಷ್ಟ. ಎರಡನೆಯದು, ಯಾರನ್ನಾದರೂ ತಿದ್ದಬೇಕಾದರೆ ಎಲ್ಲರೂ ಕೇಳುವ ಚಾನೆಲ್ಲಿನಲ್ಲಿ ತಿದ್ದಬೇಡಿ. ‘ಎರಡಕ್ಕೆ ಬನ್ನಿ’ ಅಂತ ಕರೆದು, ಖಾಲಿ ಚಾನೆಲ್ಲಿನಲ್ಲಿ ಹೇಳಿ ಮುಗಿಸಿ. ಹೊಗಳುವುದಾದರೆ ಒಂದನೇ ಚಾನೆಲ್ಲಿನಲ್ಲೇ ಆಗಲಿ.

ಪೆಟ್ಟಿಗೆಯಿಂದ ಆಗದ್ದು

ಕಾಲಿಗೆ ಹತ್ತು ನಿಮಿಷ ಬಿಡುವು ಕೊಡಬಹುದು, ನಿದ್ದೆ ಕೊಡಲಾಗದು. ಹದಿನಾರು ಗಂಟೆಯ ದಿನಗಳನ್ನು ಸಾಲಾಗಿ ಇಟ್ಟು, ಸೆಟ್ಟಿನಲ್ಲಿ ಪೆಟ್ಟಿಗೆ, ಛತ್ರಿ, ಬಿಸಿ ಪಾನೀಯ ಎಲ್ಲ ಒದಗಿಸಿದ್ದೇವೆ ಅನ್ನುವ ನಿರ್ಮಾಣ ವಿಭಾಗದ ಮಾತಿಗೆ ಮರುಳಾಗಬಾರದು. 1997ರಲ್ಲಿ ಅಮೆರಿಕದಲ್ಲಿ ಕ್ಯಾಮೆರಾ ಸಹಾಯಕರೊಬ್ಬರು 19 ಗಂಟೆಯ ದಿನ ಮುಗಿಸಿ ಕಾರು ಓಡಿಸಿಕೊಂಡು ಮನೆಗೆ ಹೋಗುವಾಗ ನಿದ್ದೆಹತ್ತಿ ಅಪಘಾತದಲ್ಲಿ ತೀರಿಕೊಂಡರು. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ 2006ರಲ್ಲಿ ಇದೇ ವಿಷಯದ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಹನ್ನೆರಡು ಗಂಟೆ ಕೆಲಸ, ಹನ್ನೆರಡು ಗಂಟೆ ಬಿಡುವು ಅನ್ನುವುದು ಅವರ ಒತ್ತಾಯ. ಐರೋಪ್ಯ ಒಕ್ಕೂಟದ ಕೆಲಸದ ಅವಧಿಯ ನಿಯಮ 24 ಗಂಟೆಯಲ್ಲಿ ಒಂದೇ ಸಮನೆ 11 ಗಂಟೆ ವಿಶ್ರಾಂತಿ ಕೇಳುತ್ತದೆ. ಕಾಲ್ ಶೀಟ್ (ಮರುದಿನ ಯಾರು ಎಷ್ಟು ಹೊತ್ತಿಗೆ ಬರಬೇಕು ಅನ್ನುವ ಪಟ್ಟಿ) ಕೈಗೆ ಬಂದಾಗ ನಾಳೆಯ ಸಮಯ ನೋಡುವ ಮೊದಲು ಇಂದಿನ ಪ್ಯಾಕಪ್ಪಿನಿಂದ ನಾಳೆಯ ಕಾಲ್‌ವರೆಗೆ ಎಷ್ಟು ಗಂಟೆ ಅಂತ ಎಣಿಸಿ, ಅದರಲ್ಲಿ ಹೋಗಿಬರುವ ದಾರಿಯ ಹೊತ್ತು ಕಳೆಯಿರಿ. ಉಳಿದದ್ದು ಎಂಟಕ್ಕಿಂತ ಕಡಿಮೆ ಆದರೆ ಆ ರಾತ್ರಿಯೇ ಹೇಳಿ, ಬೆಳಿಗ್ಗೆಯಲ್ಲ; ಬೆಳಿಗ್ಗೆ ಹೇಳಿದರೆ ಯಾರೂ ಏನೂ ಮಾಡಲಾಗದು. ವಾಹನ ಓಡಿಸುವವರಿಗೂ ಇದೇ ಲೆಕ್ಕ ಅನ್ವಯಿಸಬೇಕು. ಮೊದಲು ಬರುವವರೂ ಕೊನೆಗೆ ಹೋಗುವವರೂ ಅವರೇ.

ಅಂಕ ಕೊಡುವುದಾದರೆ ಮರದ ಪೂರ್ಣ ಸೆಟ್ಟಿಗೆ ಐದಕ್ಕೆ ನಾಲ್ಕೂವರೆ, ಒಳಗೊಳಗೆ ಕೂರುವ ಬಗೆಗೆ ಮೂರೂವರೆ, ಪ್ಲಾಸ್ಟಿಕ್ಕಿಗೆ ಮೂರು. ಮರದ್ದಕ್ಕೆ ಅರ್ಧ ಕಳೆದದ್ದು ತೂಕಕ್ಕೆ: ಎರಡು ಕೈಯಲ್ಲಿ ಎರಡು ಫುಲ್ ಹಿಡಿದು ಮೂರು ಮಹಡಿ ಹತ್ತಿದವರು ಈ ಅರ್ಧವನ್ನು ಒಪ್ಪುತ್ತಾರೆ. ಒಬ್ಬರೇ ಕೂತು ಸಂದರ್ಶನ ಚಿತ್ರೀಕರಿಸುವವರಿಗೆ ಪೂರ್ಣ ಸೆಟ್ ಬೇಡ, ಎರಡು ಹಾಫ್ ಸಾಕು.

ಬಾಡಿಗೆಗೆ ತಂದದ್ದಾದರೆ ಪ್ಯಾಕಪ್ ಹೊತ್ತಿಗೆ ಪ್ಯಾನ್‌ಕೇಕ್‌ಗಳನ್ನು ಮೊದಲು ಎಣಿಸಿ. ಫುಲ್ ಎಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಪ್ಯಾನ್‌ಕೇಕ್ ಮೇಕಪ್ ಮೇಜಿನ ಕುಂಟುವ ಕಾಲಿನ ಕೆಳಗೆ, ಜನರೇಟರ್ ಚಕ್ರದ ಹಿಂದೆ, ಮಾನಿಟರ್ ಸ್ಟ್ಯಾಂಡಿನ ಬುಡದಲ್ಲಿ, ಹೆಚ್ಚಿನ ಸಲ ಒದ್ದೆ ನೆಲದಿಂದ ಕೇಬಲ್ಲಿನ ಪ್ಲಗ್ಗನ್ನು ಎತ್ತಿಡಲು ಯಾರೋ ಹೊರಗೆ ತೆಗೆದುಕೊಂಡು ಹೋದ ಜಾಗದಲ್ಲಿ ಇರುತ್ತದೆ. ಆ ಪ್ಲಗ್ಗಿಗೆ ಕರೆಂಟ್ ನಿಂತಿದೆ ಅಂತ ಎಲೆಕ್ಟ್ರಿಷಿಯನ್ ಬಾಯಿಂದ ಕೇಳಿದ ಮೇಲೆಯೇ ಅದಕ್ಕೆ ಕೈಹಾಕಿ.